ಸೋಪು ಹುಟ್ಟುವ ಅಚ್ಚು

ಮನೆಯಲ್ಲೇ ಸೋಪು ಮಾಡಬೇಕೆಂದು ಹೊರಟವರ ಕಣ್ಣು ಅಡುಗೆಮನೆಯಲ್ಲಿ ಮೊದಲು ಹೋಗುವುದು ಇಡ್ಲಿ ತಟ್ಟೆಯ ಕಡೆಗೆ. ಗುಂಡನೆಯ ಗುಳಿಗಳು, ಎಲ್ಲಕ್ಕೂ ಒಂದೇ ಅಳತೆ, ಒಂದೇ ಸಲಕ್ಕೆ ಹತ್ತಾರು ಬಿಲ್ಲೆ. ತಟ್ಟೆ ಸ್ಟೀಲಿನದಾದರೆ ತೊಂದರೆಯಿಲ್ಲ. ಅಲ್ಯೂಮಿನಿಯಂ ತಟ್ಟೆಯಾದರೆ, ಮಿಶ್ರಣ ಸುರಿದ ಸ್ವಲ್ಪ ಹೊತ್ತಿನಲ್ಲೇ ಅಂಚಿನಲ್ಲಿ ಗುಳ್ಳೆ ಏಳತೊಡಗುತ್ತದೆ, ತಟ್ಟೆ ಬಿಸಿಯಾಗುತ್ತದೆ, ಸೋಪು ಬೂದುಬಣ್ಣಕ್ಕೆ ತಿರುಗುತ್ತದೆ. ಮಿಶ್ರಣದಲ್ಲಿರುವ ಕಾಸ್ಟಿಕ್ ಸೋಡಾ ಆ ಲೋಹವನ್ನು ತಿನ್ನುತ್ತಿರುತ್ತದೆ. ಹಾಗೆ ತಿನ್ನುವಾಗ ಹೊರಬರುವುದು ಹೈಡ್ರೋಜನ್. ಪಕ್ಕದಲ್ಲಿ ಒಲೆ ಉರಿಯುತ್ತಿದ್ದರೆ ಹೊತ್ತಿಕೊಳ್ಳಬಲ್ಲ ಅನಿಲ. ಹಿಂಡಾಲಿಯಂ ಪಾತ್ರೆಗಳದೂ ಇದೇ ಕಥೆ, ಅದು ಅಲ್ಯೂಮಿನಿಯಂನ ಮಿಶ್ರಲೋಹವೇ. ನಾನ್‌ಸ್ಟಿಕ್ ಪಡ್ಡಿನ ಕಾವಲಿಯ ಮೇಲ್ಪದರ ಒಂದು ಕಡೆ ಗೀರಿದ್ದರೂ ಸಾಕು, ಕ್ಷಾರ ಅಲ್ಲಿಂದ ಒಳಗಿಳಿಯುತ್ತದೆ.

ಎಣ್ಣೆ ಯಾವುದು, ಸುವಾಸನೆ ಯಾವುದು, ಅರಿಸಿನ ಹಾಕಬೇಕೇ ಬೇವು ಹಾಕಬೇಕೇ ಎಂದು ಹೊಸಬರು ವಾರಗಟ್ಟಲೆ ಯೋಚಿಸುತ್ತಾರೆ. ಅಚ್ಚಿನ ವಿಚಾರ ಬಂದಾಗ ಮಾತ್ರ ಗುಲಾಬಿ ಆಕಾರದ್ದು ಚೆಂದವೋ ಜೇನುಗೂಡಿನದು ಚೆಂದವೋ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಆದರೆ ತಣ್ಣನೆಯ ವಿಧಾನದಲ್ಲಿ, ಅಂದರೆ ಒಲೆಯ ಮೇಲೆ ಕುದಿಸದೆ ಮಾಡುವ ಸೋಪಿನಲ್ಲಿ, ಅಚ್ಚಿಗೆ ಆಕಾರ ಕೊಡುವುದಕ್ಕಿಂತ ದೊಡ್ಡ ಕೆಲಸವೊಂದಿದೆ. ಎಣ್ಣೆ ಸೋಪಾಗುವುದು ಬಹುಪಾಲು ಅದರೊಳಗೇ.

ಕಾರ್ಖಾನೆಯ ಸೋಪಿನ ದಾರಿ ಬೇರೆ. ಅಲ್ಲಿ ಸೋಪು ಮೊದಲೇ ತಯಾರಾಗಿ, ಒಣಗಿ, ಸೋಪ್ ನೂಡಲ್ಸ್ ಎಂದು ಕರೆಯುವ ಸಣ್ಣ ತುಣುಕುಗಳಾಗಿರುತ್ತದೆ. ಅದಕ್ಕೆ ಬಣ್ಣ, ಸುಗಂಧ ಬೆರೆಸಿ ರೋಲರುಗಳಲ್ಲಿ ಅರೆದು, ಉದ್ದನೆಯ ಪಟ್ಟಿಯಾಗಿ ಒತ್ತಿ ಹೊರಡಿಸಿ, ತುಂಡರಿಸಿ, ಕೊನೆಗೆ ಡೈಯಲ್ಲಿ ಮುದ್ರೆ ಒತ್ತುತ್ತಾರೆ. ಮೊದಲ ಮಹಾಯುದ್ಧದಿಂದ ಯುರೋಪಿಗೆ ಗಂಧದ ಮರ ಸಾಗಿಸುವುದು ನಿಂತುಹೋದಾಗ, 1916ರ ಸುಮಾರಿಗೆ ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನ ಗಂಧದೆಣ್ಣೆ ತೆಗೆಯಲು, ಅದರ ಬೆನ್ನಿಗೇ ಸೋಪು ಮಾಡಲು ಕೈಹಾಕಿತು. ಮೈಸೂರು ಸ್ಯಾಂಡಲ್ ಸೋಪನ್ನು ರೂಪಿಸಿದ ಎಸ್.ಜಿ. ಶಾಸ್ತ್ರಿಯವರ ಹೆಸರು ಆ ಚರಿತ್ರೆಯಲ್ಲಿ ಸೇರಿಕೊಂಡಿದೆ. ಅದರ ಮೊಟ್ಟೆಯಾಕಾರವೂ ಮೇಲಿನ ಶರಭದ ಗುರುತೂ ನಮಗೆ ಎಷ್ಟು ರೂಢಿಯಾಗಿವೆಯೆಂದರೆ, ಸೋಪಿಗೆ ಆಕಾರ ಬರುವುದೇ ಒತ್ತಿದಾಗ ಎಂದು ಮನಸ್ಸಿನಲ್ಲಿ ಕೂತುಬಿಟ್ಟಿದೆ.

ಸಿರಿಯಾದ ಅಲೆಪ್ಪೊದಲ್ಲಿ ಆಲಿವ್ ಮತ್ತು ಲಾರೆಲ್ ಎಣ್ಣೆಯ ಸೋಪನ್ನು ದೊಡ್ಡ ಹಂಡೆಯಲ್ಲಿ ಕುದಿಸಿ, ಬಿಸಿಯಿರುವಾಗಲೇ ನೆಲದ ಮೇಲೆ ಹರಡುತ್ತಾರೆ. ಗಟ್ಟಿಯಾದ ಮೇಲೆ ಹಲ್ಲುಗಳಿರುವ ಒಂದು ಸಾಧನವನ್ನು ಆ ಹಾಸಿನ ಮೇಲೆ ಎಳೆದು ಬಿಲ್ಲೆ ಕತ್ತರಿಸಿ, ತಿಂಗಳುಗಟ್ಟಲೆ ಒಣಗಿಸುತ್ತಾರೆ. ಪ್ಯಾಲೆಸ್ಟೀನಿನ ನಾಬ್ಲಸ್‌ನಲ್ಲೂ ಹೀಗೆಯೇ. ಅಲ್ಲಿ ಕತ್ತರಿಸಿದ ಬಿಲ್ಲೆಗಳನ್ನು ಒಳಗೆ ಟೊಳ್ಳು ಬಿಟ್ಟು ಆಳೆತ್ತರದ ಗೋಪುರಗಳಾಗಿ ಪೇರಿಸಿ ಗಾಳಿಗೆ ಒಡ್ಡುತ್ತಾರೆ. ಈ ಎರಡೂ ಕುಶಲ ಪರಂಪರೆಗಳನ್ನು ಯುನೆಸ್ಕೊ 2024ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ನೆಲವೇ ಅಚ್ಚು. ಹಾಗೆ ಸಾಧ್ಯವಾಗಿರುವುದು ಹಂಡೆಯಿಂದ ಇಳಿಯುವ ಹೊತ್ತಿಗಾಗಲೇ ಅದು ಸೋಪಾಗಿರುವುದರಿಂದ. ನೆಲದ ಪಾಲಿಗೆ ಉಳಿದಿರುವುದು ತಣಿಸುವ ಕೆಲಸ ಮಾತ್ರ.

ನಮ್ಮ ಮನೆಯ ತಣ್ಣನೆಯ ವಿಧಾನದಲ್ಲಿ ಈ ಅನುಕೂಲ ಇಲ್ಲ. ಕಾಸ್ಟಿಕ್ ಸೋಡಾವನ್ನು ನೀರಿಗೆ ಹಾಕಿ ಕರಗಿಸಿ (ನೀರನ್ನು ಸೋಡಾದ ಮೇಲೆ ಸುರಿಯುವಂತಿಲ್ಲ, ಅದು ಸಿಡಿಯುತ್ತದೆ), ಆರಿಸಿ, ಎಣ್ಣೆಗೆ ಬೆರೆಸಿ ಕಡೆಯುತ್ತೇವೆ. ಮೇಲೆತ್ತಿ ಸುರಿದ ಎಳೆ ಒಂದು ಕ್ಷಣ ಮೇಲ್ಮೈಯಲ್ಲಿ ನಿಲ್ಲುವಷ್ಟು ದಪ್ಪವಾದಾಗ ಟ್ರೇಸ್ ಬಂತು ಎನ್ನುತ್ತಾರೆ. ಆಗ ಎಣ್ಣೆಯೂ ಕ್ಷಾರವೂ ಬಿಟ್ಟುಹೋಗದಂತೆ ಬೆರೆತಿರುತ್ತವೆ, ಅಷ್ಟೇ. ಮುಂದಿನ ಒಂದೆರಡು ದಿನ ಅಚ್ಚಿನೊಳಗೆ ಆ ಕ್ರಿಯೆ ತನ್ನಷ್ಟಕ್ಕೆ ನಡೆಯುತ್ತ ಶಾಖ ಬಿಡುತ್ತದೆ. ಶಾಖವನ್ನು ಅಚ್ಚು ಹಿಡಿದಿಟ್ಟರೆ ಸೋಪು ಒಂದು ಹಂತದಲ್ಲಿ ವ್ಯಾಸಲೀನಿನ ಹಾಗೆ ಅರೆಪಾರದರ್ಶಕವಾಗುತ್ತದೆ. ಇದೇ ಜೆಲ್ ಹಂತ. ಒಳಗಿನ ಬಿಸಿ 60ರಿಂದ 80 ಡಿಗ್ರಿ ಸೆಲ್ಸಿಯಸ್‌ವರೆಗೂ ಹೋಗಬಹುದು. ಜೆಲ್ ಆದ ಸೋಪಿನ ಬಣ್ಣ ಗಾಢ, ಅಚ್ಚಿನಿಂದ ಬೇಗ ಬಿಡುತ್ತದೆ. ಜೆಲ್ ಆಗದ್ದು ಮಂಕುಬಿಳುಪು, ಗಟ್ಟಿಯಾಗಲು ಇನ್ನೊಂದೆರಡು ದಿನ ಬೇಡುತ್ತದೆ. ಮೈಗೆ ಎರಡೂ ಒಂದೇ.

ಪೇಚಾಟ ಇರುವುದು ಅರ್ಧಕ್ಕೆ ನಿಂತ ಜೆಲ್‌ನಲ್ಲಿ. ಮಧ್ಯದಲ್ಲಿ ಬಿಸಿ, ಅಂಚಿನಲ್ಲಿ ತಣ್ಣಗೆ ಆಗಿದ್ದರೆ, ಕತ್ತರಿಸಿದ ಪ್ರತಿ ಬಿಲ್ಲೆಯ ನಡುವೆಯೂ ಗಾಢ ಬಣ್ಣದ ವೃತ್ತವೊಂದು ಕಾಣುತ್ತದೆ. ತೊಳೆಯುವ ಗುಣಕ್ಕೆ ಕುಂದಿಲ್ಲ, ಆದರೆ ಯಾರಿಗಾದರೂ ಉಡುಗೊರೆ ಕೊಡಲು ಹೊರಟವರಿಗೆ ಬೇಸರ ತರಿಸುತ್ತದೆ. ಇದಕ್ಕೆ ಕಾರಣ ಬಹಳ ಸಲ ಅಚ್ಚೇ. ಬೆಂಗಳೂರಿನ ಡಿಸೆಂಬರಿನಲ್ಲಿ, ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಹೆಪ್ಪುಗಟ್ಟುವ ಬೆಳಗುಗಳಲ್ಲಿ, ತೆಳುವಾದ ಪ್ಲಾಸ್ಟಿಕ್ ಡಬ್ಬಿಗೆ ಸುರಿದ ಸೋಪು ಅಂಚಿನಿಂದ ಬೇಗ ಆರುತ್ತದೆ. ಅದೇ ಮಿಶ್ರಣವನ್ನು ದಪ್ಪ ಮರದ ಪೆಟ್ಟಿಗೆಗೆ ಸುರಿದು ಮೇಲೆ ಹಳೆಯ ಟವೆಲು ಹೊದಿಸಿದರೆ ಪೂರ್ತಿ ಜೆಲ್ ಆಗುತ್ತದೆ. ಮಂಗಳೂರಿನ ಮೇ ತಿಂಗಳಲ್ಲಿ ಲೆಕ್ಕ ಉಲ್ಟಾ. ಮರದ ಪೆಟ್ಟಿಗೆ, ಹೊದಿಕೆ, ಜೊತೆಗೆ ಜೇನುತುಪ್ಪವೋ ಮೇಕೆ ಹಾಲೋ ಇರುವ ಮಿಶ್ರಣ, ಎಲ್ಲ ಸೇರಿದರೆ ಶಾಖ ಮಿತಿಮೀರಿ ನಡುವೆ ಬಿರುಕು ಬಿಡುತ್ತದೆ. ಕೆಲವೊಮ್ಮೆ ಸೋಪು ಉಕ್ಕಿ ಅಚ್ಚಿನಿಂದ ಆಚೆ ಹರಿಯುತ್ತದೆ. ಸಕ್ಕರೆಯ ಅಂಶವಿರುವ ಯಾವುದೂ ಈ ಬಿಸಿಯನ್ನು ಏರಿಸುತ್ತದೆ. ಹಾಲಿನ ಸೋಪು ಮಾಡುವವರು ಬಿಡಿ ಗುಳಿಗಳ ಅಚ್ಚನ್ನು ಆರಿಸಿಕೊಂಡು ಒಂದು ರಾತ್ರಿ ಫ್ರಿಜ್ಜಿನಲ್ಲಿಡುವುದಕ್ಕೆ ಇದೇ ಕಾರಣ. ಸಣ್ಣ ಸಣ್ಣ ಗುಳಿಗಳಲ್ಲಿ ಶಾಖ ಕೂಡಿಕೊಳ್ಳುವಷ್ಟು ರಾಶಿಯೇ ಇರುವುದಿಲ್ಲ.

ಹಾಗಾಗಿ ಅಚ್ಚು ಕೊಳ್ಳುವಾಗ ಚಿತ್ತಾರಕ್ಕಿಂತ ಮೊದಲು ನೋಡಬೇಕಾದದ್ದು ಅದು ಯಾವುದರಿಂದ ಆಗಿದೆ ಎಂಬುದನ್ನು. ಸಿಲಿಕೋನ್ ಇವತ್ತು ಎಲ್ಲರ ಆಯ್ಕೆ. ಅದಕ್ಕೆ ಈ ಕ್ಷಾರ ಲೆಕ್ಕಕ್ಕಿಲ್ಲ, 200 ಡಿಗ್ರಿ ಶಾಖವನ್ನೂ ತಡೆಯುತ್ತದೆ, ಎಣ್ಣೆ ಸವರದಿದ್ದರೂ ಸೋಪು ಬಿಡುತ್ತದೆ. ಅದರ ಕೊರತೆ ಎಂದರೆ ಮೆತುತನ. ಉದ್ದನೆಯ ಬ್ರೆಡ್ಡಿನ ಆಕಾರದ ಸಿಲಿಕೋನ್ ಅಚ್ಚಿಗೆ ಒಂದು ಕಿಲೋ ಮಿಶ್ರಣ ಸುರಿದರೆ ಪಕ್ಕಗಳು ಉಬ್ಬಿಕೊಂಡು ನಡುವಿನ ಬಿಲ್ಲೆಗಳು ಅಂಚಿನವಕ್ಕಿಂತ ಅಗಲವಾಗುತ್ತವೆ. ಎರಡೂ ಬದಿಗೆ ಒಂದೊಂದು ಇಟ್ಟಿಗೆ ಒತ್ತರಿಸಿ ಇಟ್ಟರೆ ಸಾಕು. ಒವನ್ನಿನಲ್ಲಿಟ್ಟೋ ಬಿಗಿಯಾಗಿ ಹೊದಿಸಿಯೋ ವಿಪರೀತ ಬಿಸಿ ಮಾಡಿದರೆ, ಸಿಲಿಕೋನಿಗೆ ತಾಗಿದ ಮೈಯಲ್ಲಿ ಸೂಜಿಮೊನೆಯಷ್ಟು ಸಣ್ಣ ತೂತುಗಳು ತುಂಬಿಕೊಳ್ಳುವುದೂ ಉಂಟು.

ಮರದ ಪೆಟ್ಟಿಗೆಯನ್ನು ಊರಿನ ಬಡಗಿಯಿಂದಲೇ ಮಾಡಿಸಬಹುದು. ಮಂಡ್ಯದ ಆಲೆಮನೆಗಳಲ್ಲಿ ಅಚ್ಚುಬೆಲ್ಲವನ್ನು ಮರದ ಅಚ್ಚಿಗೆ ನೇರವಾಗಿ ಹಾಕುವಂತೆ ಸೋಪನ್ನು ಹಾಕಲಾಗುವುದಿಲ್ಲ. ಕ್ಷಾರ ಮರದೊಳಗೆ ಇಳಿದು ನಾರನ್ನು ಹಾಳುಮಾಡುತ್ತದೆ, ಸೋಪು ಅಲ್ಲೇ ಕಚ್ಚಿಕೊಳ್ಳುತ್ತದೆ. ಒಳಗೆ ಕಾಗದ ಹಾಸಲೇಬೇಕು. ನಮ್ಮ ಅಂಗಡಿಗಳಲ್ಲಿ ಬಟರ್ ಪೇಪರ್ ಎಂದು ಸಿಗುವುದರಲ್ಲಿ ತೀರಾ ತೆಳುವಾದದ್ದು ಒದ್ದೆಯಾದೊಡನೆ ಸುಕ್ಕಾಗುತ್ತದೆ, ಆ ಸುಕ್ಕೆಲ್ಲ ಸೋಪಿನ ಮೈಮೇಲೆ ಮೂಡುತ್ತದೆ. ದಪ್ಪನೆಯದನ್ನು ಕೇಳಿ ತರಬೇಕು. ಮೇಣದ ಕಾಗದ ಬೇಡ, ಬಿಸಿಗೆ ಮೇಣ ಕರಗುತ್ತದೆ. ಸ್ಟೇಷನರಿ ಅಂಗಡಿಯ ಪಾಲಿಪ್ರೊಪಿಲಿನ್ ಫೈಲ್ ಹಾಳೆಯನ್ನು ಪೆಟ್ಟಿಗೆಯ ಅಳತೆಗೆ ಕತ್ತರಿಸಿ ಹಾಸುವುದು ಇದಕ್ಕಿಂತ ಒಳ್ಳೆಯದು. ಸೋಪಿನ ಮೈ ನುಣುಪಾಗಿ ಬರುತ್ತದೆ, ಹಾಳೆಯನ್ನು ತೊಳೆದು ಮತ್ತೆ ಬಳಸಬಹುದು.

ನನ್ನನ್ನು ಕೇಳಿದರೆ, ಒಂದೇ ಒಂದು ಅಚ್ಚು ಕೊಳ್ಳುವವರು ಹೊರಗೆ ಮರದ ಪೆಟ್ಟಿಗೆ, ಒಳಗೆ ಸಿಲಿಕೋನ್ ಇರುವ ಜೋಡಿಯನ್ನು ಕೊಳ್ಳಬೇಕು. ಮರ ಶಾಖ ಹಿಡಿಯುತ್ತದೆ, ಪಕ್ಕ ಉಬ್ಬಗೊಡುವುದಿಲ್ಲ. ಸಿಲಿಕೋನ್ ಸೋಪನ್ನು ಸಲೀಸಾಗಿ ಬಿಡುತ್ತದೆ. ಗುಲಾಬಿ, ಗಣಪತಿ, ಚಿಟ್ಟೆಗಳ ಅಚ್ಚುಗಳ ಮೇಲೆ ನನಗೆ ಕೋಪವಿಲ್ಲ, ಆದರೆ ಆ ಸೂಕ್ಷ್ಮ ಗೆರೆಗಳು ನಾಲ್ಕು ಸ್ನಾನಕ್ಕೆ ಸವೆದುಹೋಗುತ್ತವೆ. ಅಂಗೈಗೆ ಒಗ್ಗುವ, ಅಂಚು ಚುಚ್ಚದ, ವಯಸ್ಸಾದವರ ಬೆರಳಿಂದ ಜಾರದ ಬಿಲ್ಲೆ ಬೇಕೆಂದರೆ ಸಾದಾ ಆಯತವೇ ಮೇಲು.

ಖರ್ಚಿಲ್ಲದ ಅಚ್ಚುಗಳೂ ಬೇಕಾದಷ್ಟಿವೆ. ಪ್ಲಾಸ್ಟಿಕ್ ಡಬ್ಬಿಯ ತಳ ತಿರುಗಿಸಿ ನೋಡಿದರೆ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 2 ಅಥವಾ 5 ಇದ್ದರೆ ಧೈರ್ಯವಾಗಿ ಬಳಸಬಹುದು. ಅವು ಪಾಲಿಥಿನ್, ಪಾಲಿಪ್ರೊಪಿಲಿನ್. 1 ಇದ್ದರೆ ಅದು ನೀರಿನ ಬಾಟಲಿಯ ಜಾತಿ, ಬಿಸಿಗೂ ಕ್ಷಾರಕ್ಕೂ ಸೋಲುತ್ತದೆ. ಥರ್ಮೊಕೋಲ್ ಬಿಸಿಗೆ ಸೊಟ್ಟಗಾಗುತ್ತದೆ. ಜ್ಯೂಸಿನ ಟೆಟ್ರಾಪ್ಯಾಕನ್ನು ಹಲವರು ಬಳಸುತ್ತಾರೆ, ಆದರೆ ಅದರ ಪದರಗಳ ನಡುವೆ ಅಲ್ಯೂಮಿನಿಯಂ ಹಾಳೆಯಿದೆ. ಒಳಗಿನ ಪ್ಲಾಸ್ಟಿಕ್ ಪದರ ಗೀರದಂತೆ, ಕತ್ತರಿಸಿದ ಅಂಚು ಸೋಪಿಗೆ ತಾಗದಂತೆ ನೋಡಿಕೊಳ್ಳಬೇಕು. ಆಲೂ ಚಿಪ್ಸಿನ ಉದ್ದ ಡಬ್ಬಿಯ ಒಳಮೈಯೂ ಸಾಮಾನ್ಯವಾಗಿ ಲೋಹದ ಹಾಳೆಯದೇ. ಅದನ್ನು ಬಿಟ್ಟುಬಿಡುವುದು ಕ್ಷೇಮ. ಜಿಂಕ್ ಲೇಪಿಸಿದ ತಗಡಿಗೂ ಕ್ಷಾರ ತಾಗಬಾರದು. ತಾಮ್ರ, ಹಿತ್ತಾಳೆಯ ಪಾತ್ರೆಗಳದ್ದು ಇನ್ನೊಂದು ಬಗೆಯ ಕೇಡು: ಲೋಹದ ಅಂಶ ಸೋಪಿಗೆ ಸೇರಿ, ಅದರಲ್ಲಿ ಉಳಿದ ಎಣ್ಣೆಯನ್ನು ಬೇಗ ಕಮಟು ಹಿಡಿಸುತ್ತದೆ. ಕೆಲವು ವಾರಗಳಲ್ಲಿ ಬಿಲ್ಲೆಯ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಏಳಲು ಇದೂ ಒಂದು ಕಾರಣ.

ದುಂಡು ಬಿಲ್ಲೆಯ ಆಸೆಗೆ ಪಿವಿಸಿ ಪೈಪಿನ ತುಂಡು ಬಳಸುವವರಿದ್ದಾರೆ. ಅದಕ್ಕೆ ಕ್ಷಾರದಿಂದ ಏನೂ ಆಗದು, ಆದರೆ ಸೋಪು ಹೊರಬರಲು ಹಟ ಮಾಡುತ್ತದೆ. ಒಳಗೆ ಹಾಳೆ ಸುರುಳಿ ಸುತ್ತಿ ಇಡಬೇಕು, ಇಲ್ಲವೇ ಜಿಡ್ಡು ಸವರಬೇಕು. ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಮನೆಗಳಲ್ಲಿದೆ. ದೋಸೆ ಕಾವಲಿಗೆ ಎಣ್ಣೆ ಸವರಿದಂತೆ ಅಚ್ಚಿಗೂ ಕೊಬ್ಬರಿ ಎಣ್ಣೆ ಸವರುತ್ತಾರೆ. ಸವರಿದ ಆ ಎಣ್ಣೆಯನ್ನು ಕ್ಷಾರ ಸೋಪಾಗಿಸಿಬಿಡುತ್ತದೆ, ನಡುವೆ ಜಾರುವುದಕ್ಕೆ ಏನೂ ಉಳಿಯುವುದಿಲ್ಲ. ಸವರಬೇಕಾದದ್ದು ಕ್ಷಾರಕ್ಕೆ ಬಗ್ಗದ ಖನಿಜ ಎಣ್ಣೆ. ಔಷಧಿ ಅಂಗಡಿಯಲ್ಲಿ ಲಿಕ್ವಿಡ್ ಪ್ಯಾರಫಿನ್ ಎಂದು ಸಿಗುತ್ತದೆ, ತೆಳುವಾಗಿ ಹಚ್ಚಿದರೆ ಸಾಕು.

ಅಚ್ಚಿಗೆ ಎಷ್ಟು ಎಣ್ಣೆ ಬೇಕೆಂಬ ಲೆಕ್ಕ ಕಲಿತುಬಿಟ್ಟರೆ ಅರ್ಧ ತಾಪತ್ರಯ ತೀರಿತು. ಒಳಗಿನ ಉದ್ದ, ಅಗಲ, ಸೋಪು ನಿಲ್ಲಬೇಕಾದ ಎತ್ತರ, ಮೂರನ್ನೂ ಸೆಂಟಿಮೀಟರಿನಲ್ಲಿ ಅಳೆದು ಗುಣಿಸಿ, ಬಂದದ್ದನ್ನು 0.7ರಿಂದ ಗುಣಿಸಿದರೆ ಬೇಕಾದ ಎಣ್ಣೆಯ ತೂಕ ಗ್ರಾಂಗಳಲ್ಲಿ ಸಿಗುತ್ತದೆ. 20 ಸೆಂ.ಮೀ. ಉದ್ದ, 7.5 ಸೆಂ.ಮೀ. ಅಗಲದ ಪೆಟ್ಟಿಗೆಯಲ್ಲಿ 6 ಸೆಂ.ಮೀ. ಎತ್ತರಕ್ಕೆ ಸುರಿಯುವುದಾದರೆ 900 ಮಿಲಿಲೀಟರ್ ಜಾಗ, 630 ಗ್ರಾಂ ಎಣ್ಣೆ. ನೀರೂ ಕಾಸ್ಟಿಕ್ ಸೋಡಾವೂ ಸೇರಿದಾಗ ಉಳಿದ ಜಾಗ ತುಂಬುತ್ತದೆ. ಎರಡೂವರೆ ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿದರೆ ಎಂಟು ಬಿಲ್ಲೆ. ಒಣಗಿದ ಮೇಲೆ ಒಂದೊಂದೂ ಸುಮಾರು 100 ಗ್ರಾಂ. ಗುಳಿಯ ಆಕಾರ ಅಂಕುಡೊಂಕಾಗಿದ್ದರೆ ನೀರು ತುಂಬಿಸಿ ಅಳತೆಯ ಲೋಟಕ್ಕೆ ಸುರಿದು ನೋಡಬಹುದು. ಆಮೇಲೆ ಆ ಅಚ್ಚನ್ನು ಪೂರ್ತಿ ಒಣಗಿಸಬೇಕು. ಕಾಸ್ಟಿಕ್ ಸೋಡಾದ ಪ್ರಮಾಣ ಮಾತ್ರ ಅಚ್ಚಿನ ಅಳತೆಯಿಂದ ಬರುವುದಲ್ಲ, ಎಣ್ಣೆಯ ಬಗೆಯಿಂದ ಬರುವುದು. 100 ಗ್ರಾಂ ಕೊಬ್ಬರಿ ಎಣ್ಣೆ ಪೂರ್ತಿ ಸೋಪಾಗಲು ಸುಮಾರು 18 ಗ್ರಾಂ ಬೇಕು, ಅಷ್ಟೇ ಆಲಿವ್ ಎಣ್ಣೆಗೆ ಸುಮಾರು 13.5 ಗ್ರಾಂ ಸಾಕು. ಮೈಗೆ ಹಚ್ಚುವ ಸೋಪಿನಲ್ಲಿ ಇದಕ್ಕಿಂತ ಒಂದಿಷ್ಟು ಕಡಿಮೆ ಹಾಕಿ ಕೊಂಚ ಎಣ್ಣೆಯನ್ನು ಹಾಗೇ ಉಳಿಸುತ್ತಾರೆ. ಮಾರಾಟಕ್ಕೆ ಇಳಿಯುವವರು ಕಾಸ್ಮೆಟಿಕ್ಸ್ ನಿಯಮಗಳು 2020ರ ಪ್ರಕಾರ ತಯಾರಿಕಾ ಪರವಾನಗಿ ಪಡೆಯಬೇಕು; ಹೊದಿಕೆಯ ಮೇಲೆ ಬರೆಯುವ ತೂಕ ಅಚ್ಚಿನಿಂದ ತೆಗೆದ ದಿನದ್ದಾಗದೆ ಒಣಗಿದ ಮೇಲಿನದಾಗಿರಬೇಕು.

ಸುರಿದಾದ ಮೇಲೆ ಅಚ್ಚನ್ನು ಎತ್ತಿ ಮೇಜಿನ ಮೇಲೆ ನಾಲ್ಕೈದು ಸಲ ಮೆತ್ತಗೆ ಕುಟ್ಟಿದರೆ ಒಳಗಿನ ಗಾಳಿಗುಳ್ಳೆ ಮೇಲೆ ಬರುತ್ತದೆ. ಮೇಲ್ಮೈಯನ್ನು ಮುಚ್ಚಿಡಬೇಕು. ತೆರೆದಿಟ್ಟರೆ ಇನ್ನೂ ಕ್ರಿಯೆಗೆ ಸೇರದ ಕ್ಷಾರ ಗಾಳಿಯ ಇಂಗಾಲದ ಡೈಆಕ್ಸೈಡಿನೊಂದಿಗೆ ಕೂಡಿ ಬೂದಿಯಂಥ ಬಿಳಿ ಪದರ ಕಟ್ಟುತ್ತದೆ. ಅದು ಸೋಡಿಯಂ ಕಾರ್ಬೋನೇಟ್; ಹಾನಿಯಿಲ್ಲ, ತೊಳೆದರೆ ಹೋಗುತ್ತದೆ.

ಅಚ್ಚಿನಿಂದ ಯಾವಾಗ ತೆಗೆಯಬೇಕೆಂಬುದಕ್ಕೆ ಒಂದೇ ಉತ್ತರವಿಲ್ಲ. ಪೂರ್ತಿ ಕೊಬ್ಬರಿ ಎಣ್ಣೆಯ ಸೋಪು ಅದೇ ದಿನ ಕಲ್ಲಾಗುತ್ತದೆ. ಮರುದಿನದವರೆಗೆ ಕಾದರೆ ಚಾಕು ಇಟ್ಟಲ್ಲೆಲ್ಲ ಒಡೆದು ಪುಡಿಯಾಗುತ್ತದೆ. ಅಂಥದ್ದಕ್ಕೆ ಕತ್ತರಿಸುವ ಗೋಜಿಲ್ಲದ ಬಿಡಿ ಗುಳಿಗಳ ಅಚ್ಚೇ ವಾಸಿ. ಆಲಿವ್, ಶೇಂಗಾ, ಎಳ್ಳೆಣ್ಣೆ ಹೆಚ್ಚಿದ್ದರೆ ಮೂರು ದಿನದಿಂದ ವಾರದವರೆಗೂ ಬೇಕಾಗಬಹುದು. ಬೆರಳಿನಿಂದ ಒತ್ತಿದಾಗ ಗುಳಿ ಬೀಳಬಾರದು, ಪಕ್ಕವನ್ನು ಮೆತ್ತಗೆ ಎಳೆದಾಗ ಸೋಪು ಅಂಟದೆ ಬಿಡಬೇಕು. ಆಗಲೂ ಕೈಗವಸು ಹಾಕಿಕೊಂಡೇ ಮುಟ್ಟಬೇಕು, ಕ್ಷಾರ ಇನ್ನೂ ಪೂರ್ತಿ ತೀರಿರುವುದಿಲ್ಲ. ಸಿಲಿಕೋನ್ ಅಚ್ಚನ್ನು ತಿರುಗಿಸಿ ಗುದ್ದುವ ಬದಲು ಮೊದಲು ನಾಲ್ಕೂ ಪಕ್ಕವನ್ನು ಹೊರಕ್ಕೆ ಎಳೆದು ಗಾಳಿ ಒಳಹೋಗಲು ಬಿಟ್ಟು, ಆಮೇಲೆ ತಳದಿಂದ ಹೆಬ್ಬೆರಳಿನಲ್ಲಿ ತಳ್ಳಿದರೆ ಬಿಲ್ಲೆ ಇಡಿಯಾಗಿ ಬರುತ್ತದೆ. ಹಟಮಾರಿ ಸೋಪನ್ನು ಅಚ್ಚಿನ ಸಮೇತ ಒಂದೆರಡು ಗಂಟೆ ಫ್ರೀಜರಿನಲ್ಲಿಟ್ಟರೆ ಸ್ವಲ್ಪ ಕುಗ್ಗಿ ಬಿಟ್ಟುಕೊಳ್ಳುತ್ತದೆ. ಹೊರಗೆ ತೆಗೆದ ಮೇಲೆ ಮೈಮೇಲೆ ನೀರಾಡುತ್ತದೆ, ಒರೆಸದೆ ಹಾಗೇ ಆರಲು ಬಿಡಬೇಕು. ಮುಂದಿನ ಸಲಕ್ಕೆ, ಪ್ರತಿ 500 ಗ್ರಾಂ ಎಣ್ಣೆಗೆ ಒಂದು ಚಮಚ ಉಪ್ಪನ್ನು ಕಾಸ್ಟಿಕ್ ಸೋಡಾ ಬೆರೆಸುವ ಮೊದಲೇ ನೀರಿನಲ್ಲಿ ಕರಗಿಸಿಕೊಂಡರೆ ಸೋಪು ಬೇಗ ಗಟ್ಟಿಯಾಗುತ್ತದೆ.

ತೊಳೆಯುವ ಕೆಲಸದಲ್ಲಿ ಸೋಮಾರಿತನವೇ ಒಳ್ಳೆಯದು ಎಂದರೆ ಅಚ್ಚರಿಯಾಗಬಹುದು. ಬಿಲ್ಲೆ ತೆಗೆದ ತಕ್ಷಣ ಅಚ್ಚಿಗೆ ಅಂಟಿರುವುದು ಇನ್ನೂ ಜಿಡ್ಡು ಮತ್ತು ಕ್ಷಾರದ ಮಿಶ್ರಣ. ಅದನ್ನು ಆಗಲೇ ಉಜ್ಜಿದರೆ ಕೈಗೂ ಕೆಟ್ಟದ್ದು, ಸಿಂಕಿಗೂ ಕೆಟ್ಟದ್ದು. ಮಕ್ಕಳ ಕೈಗೆ ಸಿಗದ ಕಡೆ ಒಂದೆರಡು ದಿನ ಬಿಟ್ಟರೆ ಅಂಟಿದ್ದೆಲ್ಲ ಸೋಪಾಗಿರುತ್ತದೆ. ಆಗ ಬಿಸಿನೀರು ಹಾಕಿದರೆ ತನ್ನನ್ನು ತಾನೇ ತೊಳೆದುಕೊಳ್ಳುತ್ತದೆ. ಮೆತ್ತನೆಯ ಸ್ಪಂಜು ಸಾಕು. ಸ್ಟೀಲ್ ಜುಂಗು, ತೆಂಗಿನ ನಾರು, ಸಬೀನಾ ಪುಡಿ ಯಾವುದೂ ಬೇಡ. ಒಂದು ಗೀರು ಬಿದ್ದರೆ ಆ ಗೀರು ಮುಂದೆ ಪ್ರತಿ ಬಿಲ್ಲೆಯ ಮೇಲೂ ಮೂಡುತ್ತದೆ, ಸೋಪು ಅಲ್ಲೇ ಕಚ್ಚಿಕೊಳ್ಳುತ್ತದೆ. ಗಡಸು ಬೋರ್‌ವೆಲ್ ನೀರಿನಲ್ಲಿ ತೊಳೆಯುವ ಮನೆಗಳಲ್ಲಿ ಸಿಲಿಕೋನಿನ ಮೇಲೆ ಬಿಳಿ ಪೊರೆ ಕೂರುತ್ತದೆ. ನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಆಗುವ ಕಸರು ಅದು. ಬಿಳಿ ವಿನಿಗರ್ ಬೆರೆಸಿದ ಬೆಚ್ಚನೆಯ ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಬಿಡುತ್ತದೆ. ಇದನ್ನು ಹಳೆಯದನ್ನೆಲ್ಲ ತೊಳೆದ ಮೇಲೆ ಮಾಡಬೇಕು; ಹಸಿ ಸೋಪಿನ ಮೇಲೆ ವಿನಿಗರ್ ಬಿದ್ದರೆ ಅದು ಒಡೆದು ಜಿಡ್ಡಾಗಿ ಇನ್ನಷ್ಟು ಅಂಟುತ್ತದೆ.

ಸಿಲಿಕೋನ್ ವಾಸನೆ ಹಿಡಿದಿಟ್ಟುಕೊಳ್ಳುತ್ತದೆ. ಲವಂಗದೆಣ್ಣೆ ಹಾಕಿ ಮಾಡಿದ ಅಚ್ಚಿನಲ್ಲಿ ಮುಂದಿನ ಸಲ ಮಲ್ಲಿಗೆ ಮಾಡಿದರೆ ಎರಡೂ ಕೂಡಿದ ಘಮ ಬರುತ್ತದೆ. ಬಿಸಿಲಿನಲ್ಲಿ ಒಂದು ದಿನ ಬೋರಲು ಹಾಕಿದರೆ ಬಹುಪಾಲು ಹೋಗುತ್ತದೆ. ಹೋಗದಿದ್ದರೆ ಒವನ್ನಿನಲ್ಲಿ 120 ಡಿಗ್ರಿಗೆ ಇಪ್ಪತ್ತು ನಿಮಿಷ ಖಾಲಿಯಾಗಿ ಕಾಯಿಸಬಹುದು. ಈ ಕಾರಣಕ್ಕೇ ಸೋಪಿನ ಅಚ್ಚು ಮತ್ತೆ ಕೇಕಿಗೆ ಹೋಗಬಾರದು. ಮುಚ್ಚಳದ ಮೇಲೆ ಪೆನ್ನಿನಲ್ಲಿ ಗುರುತು ಮಾಡಿ ಅಡುಗೆಮನೆಯಿಂದ ಬೇರೆ ಕಪಾಟಿನಲ್ಲಿಡುವುದು, ಮನೆಯಲ್ಲಿ ಬೇರೆಯವರೂ ಅಡುಗೆ ಮಾಡುವುದಾದರೆ, ಬಹಳ ಮುಖ್ಯ.

ಮರದ ಪೆಟ್ಟಿಗೆಯನ್ನು ನೆನೆಹಾಕಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ, ತಿರುಪು ಬಿಚ್ಚಿ, ಹಲಗೆಗಳನ್ನು ಬಿಡಿಬಿಡಿಯಾಗಿ ಗೋಡೆಗೆ ಒರಗಿಸಿ ಒಣಗಿಸಬೇಕು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಜೋಡಿಸಿಟ್ಟ ಪೆಟ್ಟಿಗೆಯ ಮೂಲೆಗಳಲ್ಲಿ ಬೂಷ್ಟು ಹಿಡಿಯುತ್ತದೆ, ಹಲಗೆ ಬಾಗುತ್ತದೆ. ಬಾಗಿದ ಹಲಗೆಯ ಸಂದಿನಿಂದ ಮಿಶ್ರಣ ಸೋರುತ್ತದೆ. ಜೂನ್‌ಗೆ ಮೊದಲೇ ಬಿಚ್ಚಿ, ಚೆನ್ನಾಗಿ ಒಣಗಿಸಿ, ಹಳೆ ಪತ್ರಿಕೆ ಸುತ್ತಿ ಅಟ್ಟಕ್ಕೆ ಏರಿಸಿದರೆ ಬಹಳ ವರ್ಷ ಬಾಳುತ್ತದೆ. ಸಿಲಿಕೋನ್ ಅಚ್ಚುಗಳನ್ನು ಸಮತಟ್ಟಾಗಿ ಇಡಬೇಕು. ಮೇಲೆ ಭಾರ ಹೇರಿದರೆ ಅಥವಾ ಮಡಚಿ ತುರುಕಿದರೆ ಒಮ್ಮೆ ಕೂತ ವಕ್ರ ಮತ್ತೆ ಪೂರ್ತಿ ಹೋಗುವುದಿಲ್ಲ.

ಕಾಸ್ಟಿಕ್ ಸೋಡಾ ಮುಟ್ಟಲು ಹೆದರುವವರು, ಮಕ್ಕಳೊಂದಿಗೆ ಮಾಡುವವರು ಕರಗಿಸಿ ಸುರಿಯುವ ಸೋಪ್ ಬೇಸ್ ಕೊಳ್ಳುತ್ತಾರೆ. ಅದು ಆಗಲೇ ಸೋಪಾಗಿರುವುದರಿಂದ ಕ್ಷಾರದ ಚಿಂತೆಯಿಲ್ಲ. ಅಗ್ಗದ ತೆಳು ಪ್ಲಾಸ್ಟಿಕ್ ಅಚ್ಚೂ ನಡೆಯುತ್ತದೆ, ತೀರಾ ಕುದಿಬಿಸಿಯಾಗಿ ಸುರಿಯದಿದ್ದರೆ. ಮೇಲೆದ್ದ ಗುಳ್ಳೆಗಳಿಗೆ ಸರ್ಜಿಕಲ್ ಸ್ಪಿರಿಟ್ಟನ್ನು ಸಣ್ಣಗೆ ಸಿಂಪಡಿಸಿದರೆ ತಕ್ಷಣ ಒಡೆಯುತ್ತವೆ. ಸೋಪ್ ಬೇಸಿನಲ್ಲಿರುವ ಗ್ಲಿಸರಿನ್ ಗಾಳಿಯ ತೇವ ಹೀರುವುದರಿಂದ ಮಳೆಗಾಲದಲ್ಲಿ ಬಿಲ್ಲೆ ಬೆವರುತ್ತದೆ. ಹಾಗಾಗಿ ಅಚ್ಚಿನಿಂದ ತೆಗೆದ ದಿನವೇ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಡಬೇಕು. ತಣ್ಣನೆಯ ವಿಧಾನದ ಸೋಪಿಗೆ ಇದರ ವಿರುದ್ಧ ಉಪಚಾರ: ನಾಲ್ಕರಿಂದ ಆರು ವಾರ, ಮಳೆಗಾಲದಲ್ಲಿ ಇನ್ನೂ ಹೆಚ್ಚು, ಬಿಲ್ಲೆಗೂ ಬಿಲ್ಲೆಗೂ ಅಂತರ ಬಿಟ್ಟು ಗಾಳಿಯಾಡುವ ಕಡೆ ಜೋಡಿಸಿಡಬೇಕು.

ಸಿಲಿಕೋನ್ ಅಚ್ಚು ಒಂದು ದಿನ ಹರಿಯುತ್ತದೆ, ಸಾಮಾನ್ಯವಾಗಿ ನಾವು ಹೆಬ್ಬೆರಳಿನಿಂದ ತಳ್ಳುವ ಮೂಲೆಯಲ್ಲೇ. ಸಣ್ಣ ಸೀಳಾದರೆ ಹೊರಗಡೆಯಿಂದ ಸಿಲಿಕೋನ್ ಸೀಲೆಂಟ್ ಹಚ್ಚಿ ಒಂದು ದಿನ ಒಣಗಲು ಬಿಟ್ಟು, ನೀರು ತುಂಬಿ ಸೋರುವುದಿಲ್ಲವೆಂದು ನೋಡಿಕೊಂಡು ಮತ್ತೆ ಬಳಸಬಹುದು. ದೊಡ್ಡದಾಗಿ ಹರಿದರೆ ಸುಡಬಾರದು. ತಳದ ಭಾಗವನ್ನು ಕತ್ತರಿಸಿಕೊಂಡರೆ, ಬಿಸಿ ಕಾಸ್ಟಿಕ್ ನೀರಿನ ಪಾತ್ರೆ ಇಡಲು ಜಾರದ ಹಾಸಾಗಿ ಅದು ಇನ್ನೂ ಬಹಳ ಕಾಲ ಕೆಲಸಕ್ಕೆ ಬರುತ್ತದೆ.